ಎಡೆಯಲ್ಲಿ ಇಲ್ಲದ ಸೀರೆ

ನನಗೆ ಯಾವುದಕ್ಕೆ ಭಯ ಎಂದು ಕೇಳುವ ಬದಲು ಯಾವುದಕ್ಕೆ ಭಯವಿಲ್ಲ ಎಂದು ಕೇಳಿದರೆ ಬೇಗ ಹೇಳಿ ಮುಗಿಸಬಹುದು. ಹಲ್ಲಿ ಲೊಚಗುಟ್ಟಿದರೆ ಭಯ, ಬ್ಯಾಂಕಿನಿಂದ ಮೆಸೇಜು ಬಂದರೆ ಭಯ. ಗಂಡ ಫೋನು ಎತ್ತದಿದ್ದರೆ ಭಯ, ಎತ್ತಿ ಮೆತ್ತಗೆ ಮಾತಾಡಿದರೆ ಇನ್ನೂ ಭಯ. ಪಾಂಡವಪುರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಮಕ್ಕಳು ನನ್ನನ್ನು ಕಂಡರೆ ನಡುಗುತ್ತಾರೆ. ಅವರಿಗಿಂತ ಹೆಚ್ಚು ನಡುಗುವವಳು ನಾನು ಎನ್ನುವುದು ಅವರಿಗೆ ಇನ್ನೂ ಗೊತ್ತಾಗಿಲ್ಲ, ನನ್ನ ಪುಣ್ಯ.

ಇಂಥವಳ ತಲೆಗೆ ಮನೆ ಹುಡುಕುವ ಕೆಲಸ ಬಂತು. ನಾವಿದ್ದದ್ದು ಕೆ.ಆರ್.ಎಸ್.ನಲ್ಲಿ, ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿ. ನನ್ನ ಯಜಮಾನರ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಆಮೇಲೆ ಕ್ವಾರ್ಟರ್ಸು ಬಿಡಬೇಕು. ಎರಡೂವರೆ ಕೋಣೆಯಲ್ಲಿ ಏಳು ಜನ ಇದ್ದೆವು: ಅತ್ತೆ, ನಾವಿಬ್ಬರು, ನಮ್ಮ ಮಗಳು, ಡ್ಯಾಮಿನ ಹತ್ತಿರ ಸಣ್ಣ ಹೋಟೆಲು ಇಟ್ಟಿರುವ ಮೈದುನ, ಅವನ ಹೆಂಡತಿ, ಅವರ ಪುಟ್ಟ ಮಗಳು. ಬೇರೆಬೇರೆ ಹೋಗೋಣ ಎಂದು ಒಮ್ಮೆ ನಾನೇ ಬಾಯಿ ತಪ್ಪಿ ಅಂದಿದ್ದೆ. ಅತ್ತೆ ಎರಡು ದಿನ ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳಲಿಲ್ಲ. "ನಾನ್ ಕಣ್ಮುಚ್ಚೋಗಂಟ ಒಂದೇ ಒಲೆ. ಆಮ್ಯಾಕೆ ಏನಾರಾ ಮಾಡ್ಕಳಿ" ಎಂದರು. ಅವರಿಗೆ ಎಂಬತ್ತರ ಹತ್ತಿರ. ಮೆಟ್ಟಿಲು ಹತ್ತಲು ಮಂಡಿ ಬರುವುದಿಲ್ಲ. ಹಾಗಾಗಿ ಬಡಾವಣೆಯ ಮಹಡಿ ಮನೆಗಳು ಆಗುವಂತಿರಲಿಲ್ಲ. ಬೇಕಾಗಿದ್ದದ್ದು ನೆಲಕ್ಕೆ ಹರಡಿಕೊಂಡ ಒಂದು ಹಳೆಯ ದೊಡ್ಡ ಮನೆ.

ಭಾನುವಾರ ಭಾನುವಾರ ಮೈದುನನ ವ್ಯಾನಿನಲ್ಲಿ ಹೊರಟೆವು. ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಮನೆ ನೋಡಿದೆವು. ಕೆತ್ತನೆಯ ಬಾಗಿಲು, ತಣ್ಣನೆಯ ನೆಲ, ಹಿತ್ತಿಲಿಗೆ ಹೊಳೆಯ ಗಾಳಿ. ಗೋಡೆಯಲ್ಲಿ ಎದೆಮಟ್ಟಕ್ಕೆ ಒಂದು ಕಂದು ಗೆರೆ ಮನೆಯ ಸುತ್ತಲೂ ಹೋಗಿತ್ತು. ಏನದು ಎಂದು ಕೇಳಿದೆ. "ಹೊಳೆ ಬಂದಿತ್ತು. ಎರಡೇ ದಿನ ಇದ್ದು ಹೋಯಿತು" ಎಂದರು ಮನೆಯವರು, ನೆಂಟರ ಸುದ್ದಿ ಹೇಳಿದಷ್ಟೇ ಸಲೀಸಾಗಿ. ಅಣೆಕಟ್ಟಿನಿಂದ ನೀರು ಬಿಡುವ ಇಲಾಖೆಯಲ್ಲೇ ಕೂದಲು ನರೆಸಿಕೊಂಡ ನನ್ನ ಯಜಮಾನರು ಆ ಗೆರೆಯನ್ನು ಮುಟ್ಟಿ ನೋಡಿ, ಹೊರಗೆ ನಡೆದರು. ನಾಗಮಂಗಲದಲ್ಲಿ ನೋಡಿದ ಮನೆಗೆ ಅಡುಗೆಮನೆಯೊಳಗೇ ಬಾವಿ. ಓರಗಿತ್ತಿಗೆ ಬಹಳ ಹಿಡಿಸಿತು, ನೀರು ಹೊರುವ ಕಷ್ಟವಿಲ್ಲ ಎಂದಳು. ನನಗೆ ಅವಳ ಮಗುವೇ ಕಣ್ಣ ಮುಂದೆ ಬಂದು, ಆ ಬಾವಿಯ ಕಟ್ಟೆಯ ಹತ್ತಿರ ನಿಲ್ಲಲಾಗದೆ ವ್ಯಾನಿನಲ್ಲಿ ಬಂದು ಕೂತುಬಿಟ್ಟೆ. ಎಲ್ಲರೂ ನನ್ನನ್ನು ಚೆನ್ನಾಗಿ ಬೈದರು.

ಕಡೆಗೆ ಸಿಕ್ಕಿದ್ದು ಚಿನಕುರಳಿ ದಾಟಿ ಒಳಗೆ ಹೋದರೆ ಬರುವ ಒಂದು ಹಳ್ಳಿಯ ತೊಟ್ಟಿಮನೆ. ಊರಿನ ಹೆಸರು ಬೇಡ. ಬೀದಿಯ ಉದ್ದಕ್ಕೆ ಜಗಲಿ, ತಲೆ ಬಗ್ಗಿಸಿಯೇ ಹೋಗಬೇಕಾದ ಬಾಗಿಲು, ಒಳಗೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಹನ್ನೆರಡು ಮರದ ಕಂಬ, ಮೇಲೆ ನಾಡಹೆಂಚು. ನಾಲ್ಕು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಸತ್ತಿದ್ದರು. ಕಂಬಗಳು ಕೆಳಗಿನ ಅರ್ಧದಲ್ಲಿ ಮಾತ್ರ ಹೊಳೆಯುತ್ತಿದ್ದವು, ಅಷ್ಟು ಬೆನ್ನು ಒರಗಿದ್ದವು ಅವಕ್ಕೆ. ನಾವು ನೋಡುತ್ತಿದ್ದಾಗಲೇ ದೂರದ ಕಲ್ಲುಕ್ವಾರಿಯಲ್ಲಿ ಸಿಡಿತ ಕೇಳಿ ಹೆಂಚು ಗಿಲಕ್ ಎಂದಿತು. ನಾನು ಯಜಮಾನರ ತೋಳು ಹಿಡಿದುಕೊಂಡೆ. ಅತ್ತೆ ಮಾತ್ರ ಒಂದು ಕಂಬಕ್ಕೆ ಒರಗಿ ಕಾಲು ಚಾಚಿ ಕೂತಾಗಿತ್ತು. "ನಾನ್ ಇಲ್ಲೇ ಇದ್ಬುಡ್ತೀನಿ ಕಣವ್ವ. ನೀವ್ ಬೇಕಾದ್ರೆ ವಾಪಸ್ ಓಗಿ" ಎಂದರು. ಅಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಈ ಮನೆ ಕೈತಪ್ಪಬಾರದು ಎಂದು ಆ ಗಳಿಗೆಯಲ್ಲಿ ನನಗೂ ಅನಿಸಿತು.

ಮಾರುವವರು ಇಬ್ಬರು ಅಣ್ಣತಮ್ಮಂದಿರು. ಅರವತ್ತು ದಾಟಿದ ದೊಡ್ಡವರು ಹೆಂಡತಿಯೊಂದಿಗೆ ಆ ಮನೆಯಲ್ಲೇ ಇದ್ದರು. ನಾಲ್ಕು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದರು. ಮೈಸೂರಿನಲ್ಲಿ ಕೆಲಸದಲ್ಲಿದ್ದ ಚಿಕ್ಕವರಿಗೆ ತಮ್ಮ ಪಾಲು ಬೇಕಾಗಿತ್ತು. ದೊಡ್ಡವರು ತೋಟದ ಹತ್ತಿರ ಹೊಸ ಮನೆ ಕಟ್ಟಿಸುವ ಯೋಚನೆಯಲ್ಲಿದ್ದರು. ಒಳ್ಳೆಯ ಜನ. ಹೋದಾಗಲೆಲ್ಲ ಗಟ್ಟಿ ಹಾಲಿನ ಕಾಫಿ ಕೊಡುತ್ತಿದ್ದರು, ಅತ್ತೆಯನ್ನು ದೊಡ್ಡವರು "ಅವ್ವಾ" ಎಂದೇ ಕರೆಯುತ್ತಿದ್ದರು.

ಕಾಗದಪತ್ರ ನೋಡುವ ಕೆಲಸ ನನ್ನದು. ಯಾವುದನ್ನೂ ಮೂರು ಸಲ ಓದದೆ ಬಿಡುವವಳಲ್ಲ. ಅಣ್ಣತಮ್ಮಂದಿರು ಅಫಿಡವಿಟ್ಟು ಕೊಟ್ಟು ಮಾಡಿಸಿಕೊಂಡು ಬಂದ ವಂಶವೃಕ್ಷದಲ್ಲಿ ಅಜ್ಜ, ಅಜ್ಜಿ, ಅಪ್ಪ, ಅವ್ವ, ಇಬ್ಬರು ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು ಇದ್ದರು. ಹೆಣ್ಣುಮಗಳ ಹೆಸರಿನ ಮುಂದೆ 'ಮರಣ' ಎಂದಿತ್ತು. ಹೆಣ್ಣುಮಕ್ಕಳ ಸಹಿಯಿಲ್ಲದೆ ಮನೆ ಕೊಂಡು ಕೋರ್ಟು ಅಲೆದವರ ಕಥೆ ಸ್ಟಾಫ್ ರೂಮಿನಲ್ಲಿ ಬೇಕಾದಷ್ಟು ಕೇಳಿದ್ದೆ. ಅದಕ್ಕೇ ಕೇಳಿದೆ, ಇವರು ಯಾವಾಗ ತೀರಿಕೊಂಡರು ಎಂದು.

"ವಯಸ್ಸಿಗೆ ಬಂದಿದ್ಲು ಮೇಡಮ್ಮೋರೆ. ಮದ್ವೆ ಮಾಡ್ಬೇಕು ಅಂತಿದ್ವಿ. ಜ್ವರ ಬಂತು. ಮೂರೇ ದಿನ" ಎಂದರು ದೊಡ್ಡವರು. ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡರು.

ನನಗೆ ನಾಚಿಕೆಯಾಯಿತು. ನನ್ನ ಮಗಳಿಗೂ ಅದೇ ವಯಸ್ಸು. ಇನ್ನೊಬ್ಬರ ಗಾಯವನ್ನು ಕೆದಕಿದೆನಲ್ಲ ಎಂದು ಆ ದಿನವೆಲ್ಲ ಬೇಜಾರು ಮಾಡಿಕೊಂಡೆ. ತಾಂಬೂಲ ಬದಲಾಯಿಸಿಕೊಂಡೆವು, ಅಡ್ವಾನ್ಸು ಕೊಟ್ಟೆವು. ಅಷ್ಟರಲ್ಲಿ ಪಿತೃಪಕ್ಷ ಬಂತು. ಆ ಹದಿನೈದು ದಿನ ನಮ್ಮ ಕಡೆ ಯಾರೂ ಒಳ್ಳೆಯ ಕೆಲಸಕ್ಕೆ ಕೈ ಹಾಕುವುದಿಲ್ಲ. ಹಾಗಾಗಿ ರಿಜಿಸ್ಟ್ರೇಷನ್ನು ನವರಾತ್ರಿಗೆ ಎಂದಾಯಿತು. ಮಾಲಯ ಅಮಾವಾಸ್ಯೆಯ ದಿನ ಅವರ ಮನೆಯಲ್ಲಿ ಹಿರಿಯರಿಗೆ ಎಡೆ. "ಈ ಮನೇಲಿ ನಮ್ದು ಇದೇ ಕಡೇ ಹಬ್ಬ. ಮನೆ ಯಾರ್ ಕೈಗೆ ಓಯ್ತದೆ ಅಂತ ನಮ್ಮ ಹಿರೀಕ್ರಿಗೂ ಗೊತ್ತಾಗ್ಲಿ. ಅವ್ವನ್ನ ಕರ್ಕಂಡು ನೀವೂ ಬರ್ಬೇಕು" ಎಂದು ದೊಡ್ಡವರೇ ಕರೆದರು. ಅತ್ತೆ ಕಣ್ಣು ತುಂಬಿಕೊಂಡರು.

ಹಬ್ಬದ ದಿನ ಅತ್ತೆಯೂ ನಾನೂ ಹೋದೆವು. ಹಜಾರದ ಮೂಲೆಯಲ್ಲಿ ಕಳಸ ಇಟ್ಟು, ಅದರ ಸುತ್ತ ಸತ್ತವರ ಹೆಸರಿಗೊಂದೊಂದು ಹೊಸ ಬಟ್ಟೆ ಜೋಡಿಸಿದ್ದರು. ಮುಂದೆ ಬಾಳೆಎಲೆಗಳು. ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ. ಅಪ್ಪನಿಗೆ ಇಷ್ಟವೆಂದು ಬೀಡಿ ಕಟ್ಟು, ಅಜ್ಜನಿಗೆ ಇಷ್ಟವೆಂದು ಸಣ್ಣ ಬಾಟಲಿ. ಅತ್ತೆ ಎಡೆಯ ವಿಷಯದಲ್ಲಿ ಇನ್‌ಸ್ಪೆಕ್ಟರು ಇದ್ದಹಾಗೆ. ಕೈ ಮುಗಿದು ಒಂದೊಂದು ಬಟ್ಟೆಯೂ ಯಾರದೆಂದು ಕೇಳಿದರು. ಎರಡು ಪಂಚೆ, ಅಜ್ಜನಿಗೆ ಒಂದು, ಅಪ್ಪನಿಗೆ ಒಂದು. ಎರಡು ಸೀರೆ, ಅಜ್ಜಿಗೆ ಒಂದು, ಅವ್ವನಿಗೆ ಒಂದು. ಪಕ್ಕದಲ್ಲಿ ಅಂಗೈಯಗಲದ ಒಂದು ಜುಬ್ಬ. ದೊಡ್ಡವರ ಮೊದಲ ಮಗು ಮೂರು ತಿಂಗಳಿಗೇ ಹೋಗಿತ್ತಂತೆ, ಅದಕ್ಕೆ.

ಧೂಪ ಹಾಕಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ನಿಂತೆವು. ಒಳಗೆ ಹಿರಿಯರು ಬಂದು ಉಣ್ಣುವ ಹೊತ್ತು ಅದು. ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ನನ್ನ ಮನೆಯಲ್ಲೂ ಇದೇ ಪದ್ಧತಿ, ಆ ಐದು ಹತ್ತು ನಿಮಿಷ ಪ್ರತಿ ವರ್ಷ ನನಗೆ ಮೈ ಜುಮ್ಮೆನ್ನುತ್ತದೆ. ಆಗ ಅತ್ತೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಅಂದರು: "ಆ ಹುಡ್ಗಿಗೆ ಸೀರೆ ಇಟ್ಟಿಲ್ವಲ್ಲ ಕಣವ್ವ."

ನಮ್ಮ ಜನ ಎಡೆಯಲ್ಲಿ ಯಾರನ್ನೂ ಬಿಡುವುದಿಲ್ಲ. ಬಿಟ್ಟರೆ ಬಿಟ್ಟವರು ಹೊಸ್ತಿಲಲ್ಲಿ ನಿಂತು ಹಸಿದು ವಾಪಸು ಹೋಗುತ್ತಾರೆಂದು ನಂಬಿಕೆ. ಮೂರು ತಿಂಗಳ ಕೂಸನ್ನು ಮರೆಯದವರು ಮದುವೆಯ ವಯಸ್ಸಿನ ತಂಗಿಯನ್ನು ಮರೆಯುತ್ತಾರೆಯೇ? ಮರೆತಿಲ್ಲ ಎಂದರೆ ಅರ್ಥ ಒಂದೇ. ಅಫಿಡವಿಟ್ಟಿನಲ್ಲಿ ಏನು ಬೇಕಾದರೂ ಬರೆಸಬಹುದು. ಬದುಕಿರುವವರಿಗೆ ಎಡೆ ಇಡಲು ಮಾತ್ರ ನಮ್ಮಲ್ಲಿ ಯಾರಿಗೂ ಧೈರ್ಯ ಬರುವುದಿಲ್ಲ. ಬಾಗಿಲು ತಟ್ಟಿ ಒಳಗೆ ಹೋದಾಗ ಆ ಸೀರೆಗಳನ್ನು ಮತ್ತೊಮ್ಮೆ ಎಣಿಸಿದೆ.

ಊಟವಾದ ಮೇಲೆ ಹಿತ್ತಿಲಲ್ಲಿ ದೊಡ್ಡವರ ಹೆಂಡತಿ ಒಬ್ಬರೇ ಪಾತ್ರೆ ತಿಕ್ಕುತ್ತಿದ್ದರು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನಿಮ್ಮ ನಾದಿನಿಗೆ ಯಾಕೆ ಸೀರೆ ಇಡಲಿಲ್ಲ ಎಂದು ಕೇಳಿದೆ. ಅವರ ಕೈ ನಿಂತುಹೋಯಿತು.

"ಅಮ್ಮಯ್ಯ, ಮೆತ್ಗೆ ಮಾತಾಡಿ" ಎಂದರು. ನಲ್ಲಿ ಜೋರಾಗಿ ತಿರುಗಿಸಿ, ಆ ಸದ್ದಿನಲ್ಲಿ ಹೇಳಿದರು. "ಬದುಕವ್ಳೆ. ಕೆ.ಆರ್. ಪೇಟೆ ಕಡೆ ಒಂದು ಇಸ್ಕೂಲಲ್ಲಿ ಬಿಸಿಯೂಟ ಬೇಯಿಸ್ತಾಳೆ. ಬ್ಯಾರೆ ಜಾತಿ ಹುಡುಗುನ್ ಕಟ್ಕಂಡ್ಲು ಅಂತ ಇವ್ರು ಹೊಸ್ಲು ತುಳೀಬ್ಯಾಡ ಅಂದ್ಬುಟ್ರು. ನಮ್ಮತ್ತೆ ಸಾಯೋವಾಗ ಇವ್ರ ಕೈ ಹಿಡ್ಕಂಡು ಆಣೆ ಹಾಕುಸ್ಕಂಡ್ರು, ಅವ್ಳು ಬದುಕಿರೋಗಂಟ ಅವ್ಳಿಗೆ ಎಡೆ ಇಡ್ಬ್ಯಾಡ ಕಣ್ಲಾ ಅಂತ." ಒದ್ದೆ ಕೈಯಲ್ಲೇ ನನ್ನ ಮೊಣಕೈ ಹಿಡಿದರು. "ನಾನ್ ಹೇಳ್ದೆ ಅಂತ ಗೊತ್ತಾದ್ರೆ ನನ್ನ ಸುಮ್ನೆ ಬುಡಾಕಿಲ್ಲ ಅಕ್ಕ. ನಿಮ್ಮ ಕಾಲಿಗೆ ಬೀಳ್ತೀನಿ."

ಯಾರಿಗೂ ಹೇಳುವುದಿಲ್ಲ ಎಂದು ಅವರ ತಲೆ ಮುಟ್ಟಿ ಮಾತು ಕೊಟ್ಟೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಮೊದಲು, "ಕಾಗದದಲ್ಲಿ ಸರಿಯಾಗಿದೆಯಲ್ಲ" ಎಂದರು. ಆಮೇಲೆ ಅವರೇ, "ನಾಳೆ ಅವಳು ಬಂದು ಬಾಗಿಲು ತಟ್ಟಿದರೆ?" ಎಂದರು. ಮೈದುನ, ನೋಡಿಯೂ ನೋಡದಂತೆ ಇದ್ದುಬಿಡೋಣ ಎಂದ. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರಿಗೆ ಆ ಕಂಬ ಬೇಕಾಗಿತ್ತು, ನನಗೆ ಅದು ಚೆನ್ನಾಗಿ ಗೊತ್ತು. ನನಗೋ ಎರಡೂ ಕಡೆಯ ಭಯ. ಮನೆ ಕೊಂಡರೆ ಬದುಕಿರುವ ಹೆಂಗಸಿನ ಪಾಲಿನ ಮೇಲೆ ಒಲೆ ಹೂಡಿದಂತೆ. ಬಿಟ್ಟರೆ ಅತ್ತೆಯನ್ನು ಇನ್ನೆಲ್ಲಿ ಕೂರಿಸುವುದು? ಎರಡು ದಿನ ತರಗತಿಯಲ್ಲಿ ಲೆಕ್ಕ ತಪ್ಪು ತಪ್ಪಾಗಿ ಬಿಡಿಸಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು ತಿದ್ದಿದಳು.

ಅವಳ ಸಹಿ ಸಿಕ್ಕರೆ ಎಲ್ಲ ನೇರವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಕೆ.ಆರ್. ಪೇಟೆ ಬಸ್ಸು ಹತ್ತಿದೆ. ನನ್ನ ಪರಿಚಯದ ಮೇಷ್ಟ್ರುಗಳನ್ನು ವಿಚಾರಿಸಿ ಶಾಲೆ ಯಾವುದೆಂದು ಪತ್ತೆ ಮಾಡಿಕೊಂಡಿದ್ದೆ. ದಾರಿಯುದ್ದಕ್ಕೂ, ಅವಳು ಸಿಗದಿದ್ದರೆ ಸಾಕಪ್ಪಾ ಎಂದು ಬೇಡಿಕೊಂಡೆ. ಸಿಕ್ಕಳು. ಶಾಲೆಯ ಹಿಂದಿನ ಎರಡು ಕೋಣೆಯ ಮನೆ ಅವಳದು. ಐವತ್ತರ ಹತ್ತಿರದವಳು, ದೊಡ್ಡವರದೇ ಮೂಗು, ದೊಡ್ಡವರದೇ ಹಣೆ. ಗಂಡ ಲಾರಿಯ ಮೇಲೆ ಹೋಗಿದ್ದ. ಯಾರೆಂದು ಹೇಳಿದ ಮೇಲೆ ಚಾಪೆ ಹಾಸಿದಳು, ಮಜ್ಜಿಗೆ ಕೊಟ್ಟಳು, ಎದುರಿಗೆ ಕೂತಳು.

ನಾನು ತಡವರಿಸುತ್ತ ಎಲ್ಲ ಹೇಳಿದೆ. ಮನೆ ಮಾರುತ್ತಿದ್ದಾರೆ, ಕಾಗದದಲ್ಲಿ ನೀನು ಸತ್ತಿದ್ದೀಯ ಎಂದು ಬರೆಸಿದ್ದಾರೆ ಎಂದೆ. ಅವಳು ಅಳುತ್ತಾಳೆ, ಇಲ್ಲ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಮುಂದಕ್ಕೆ ಬಗ್ಗಿ ಒಂದೇ ಮಾತು ಕೇಳಿದಳು.

"ಎಡೆ ಇಟ್ಟಿದ್ರಾ ಅಕ್ಕ ನನ್ಗೆ?"

"ಇಲ್ಲ ಕಣವ್ವ. ನಾನೇ ನೋಡಿದೆ. ಎರಡೇ ಸೀರೆ ಇತ್ತು."

ಅವಳು ಉಸಿರು ಬಿಟ್ಟಳು. ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಅಂಗಾದ್ರೆ ಬದುಕಿವ್ನಿ ಬುಡಿ" ಎಂದಳು. "ಪರ್ತಿ ವರ್ಸ ಮಾಲಯ ಅಮಾಸೆ ದಿನ ನನ್ಗೆ ಒಂದ್ ತುತ್ತು ಗಂಟ್ಲಲ್ಲಿ ಇಳ್ಯಾಕಿಲ್ಲ ಅಕ್ಕ. ಬದುಕಿರೋರ್ಗೆ ಎಡೆ ಇಟ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತ ನಮ್ಮವ್ವ ಅನ್ನೋಳು. ಈ ಸರ್ತಿ ಇಟ್ಬುಟ್ರೇನೋ, ಇಟ್ಬುಟ್ರೇನೋ ಅಂತ ಎದೆ ಒಡ್ಕತದೆ. ಕಾಗ್ದದಲ್ಲಿ ಏನಾರಾ ಬರ್ಕಳ್ಳಿ."

ಆ ಮನೆಯಲ್ಲಿ ನಿನಗೂ ಪಾಲಿದೆ, ಬೇಕಾದರೆ ಕೋರ್ಟಿಗೆ ಹೋಗಬಹುದು ಎಂದೆ. ನನಗೆ ಆ ಮನೆ ಬೇಕಾಗಿದ್ದರೂ ಅಷ್ಟು ಹೇಳದೆ ಬರಲು ಮನಸ್ಸು ಒಪ್ಪಲಿಲ್ಲ. ಅವಳು ಹೆದರಿ ಎರಡೂ ಕೈ ಆಡಿಸಿದಳು. "ಬ್ಯಾಡ ಅಕ್ಕ. ಕೋರ್ಟ್ಗೆ ಓದ್ರೆ ಅಣ್ಣ ನಿಜ್ವಾಗ್ಲೂ ಎಡೆ ಇಟ್ಬುಡ್ತಾನೆ. ಸೈನ್ ಬೇಕಾ, ಹಾಕ್ತೀನಿ. ದುಡ್ಡೂ ಬ್ಯಾಡ. ಅಣ್ಣ ಒಂದ್ಸರ್ತಿ ಬಂದು ಬಾರವ್ವ ಅಂತ ಕರೀಲಿ. ಅಷ್ಟೇ." ಹೊರಡುವಾಗ ಕುಂಕುಮ ಕೊಟ್ಟು, ನನ್ನ ಫೋನ್ ನಂಬರು ಬರೆದುಕೊಂಡಳು.

ಬಸ್ಸಿನಲ್ಲಿ ನನಗೆ ಒಂದು ಸಣ್ಣ ಆಸೆ ಹುಟ್ಟಿತ್ತು. ಒಬ್ಬ ಅಣ್ಣ ಒಂದು ಸಲ ಬಂದು ಕರೆದರೆ ಮುಗಿಯಿತಲ್ಲ. ತಂಗಿಗೆ ತವರು, ಅತ್ತೆಗೆ ಕಂಬ. ಇಷ್ಟು ಸುಲಭವಾಗಿದ್ದದ್ದೇ ನನಗೆ ಅನುಮಾನ ಬರಿಸಬೇಕಾಗಿತ್ತು.

ಮಾರನೆಯ ದಿನ ಸಂಜೆ ಯಜಮಾನರನ್ನು ಕರೆದುಕೊಂಡು ಹಳ್ಳಿಗೆ ಹೋದೆ. ದೊಡ್ಡವರು ಹಾಲು ಕರೆಯುತ್ತಿದ್ದರು. ನಿಮ್ಮ ತಂಗಿಯನ್ನು ನೋಡಿಕೊಂಡು ಬಂದೆ ಎಂದೆ. ಅವರ ಕೈ ನಿಲ್ಲಲಿಲ್ಲ. ಚೊರ್ ಚೊರ್ ಎಂದು ಹಾಲು ಬೀಳುತ್ತಲೇ ಇತ್ತು. ಅವಳು ಹೇಳಿದ್ದನ್ನೆಲ್ಲ ಹೇಳಿದೆ, ಒಂದು ಸಲ ಹೋಗಿ ಕರೆಯಿರಿ ಎಂದೆ. ಕೊನೆಯ ಹನಿ ಕರೆದು, ಹಸುವಿನ ಬೆನ್ನು ತಟ್ಟಿ, ಎದ್ದು ನನ್ನ ಕಡೆ ತಿರುಗಿದರು.

"ಯಾರ್ ಹೇಳ್ದೋರು ನಿಮ್ಗೆ?"

ಅವರ ಹಿಂದೆ, ಕೊಟ್ಟಿಗೆಯ ಬಾಗಿಲಲ್ಲಿ, ಹಾಲಿನ ಕ್ಯಾನು ಹಿಡಿದು ಅವರ ಹೆಂಡತಿ ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ದೊಡ್ಡವರು ಹಿಂದಕ್ಕೆ ತಿರುಗಿ ನೋಡಲು ಹೊರಟರು. ಆ ನೋಟ ಆ ಹೆಂಗಸಿನ ಮೇಲೆ ಬೀಳಬಾರದು ಎನ್ನುವುದಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

"ಯಾರೂ ಹೇಳಲಿಲ್ಲ" ಎಂದೆ, ಗಟ್ಟಿಯಾಗಿಯೇ. "ಎಡೆಯಲ್ಲಿ ಎರಡೇ ಸೀರೆ ಇತ್ತು. ತಂಗಿ ಸತ್ತಿದ್ದರೆ ಮೂರು ಇರಬೇಕಿತ್ತು. ನಾನೇ ಲೆಕ್ಕ ಹಾಕಿದೆ."

ದೊಡ್ಡವರು ನನ್ನನ್ನು ನೋಡಿದರು. "ಅಂಗಾ" ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಹಾಲಿನ ಬಕೆಟ್ಟು ಹೆಂಡತಿಯ ಕೈಗೆ ಕೊಟ್ಟು, ಒಳಗೆ ಹೋಗಿ ನಮ್ಮ ಅಡ್ವಾನ್ಸು ತಂದು ಜಗಲಿಯ ಮೇಲೆ ಇಟ್ಟರು. ವಾಪಸು ಬರುವಾಗ ಯಜಮಾನರು, ಒಬ್ಬ ಹೆಂಗಸನ್ನು ಉಳಿಸಿದೆ ಬಿಡು ಎಂದು ಸಮಾಧಾನ ಮಾಡಿದರು. ನಾನೂ ಹಾಗೇ ತಿಳಿದುಕೊಂಡೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡಿದ್ದೆ ಕೂಡ.

ಆಮೇಲಿನ ವರ್ಷವೆಲ್ಲ ಬೇರೆ ಮನೆಗಳನ್ನು ನೋಡಿದೆವು, ಒಂದೂ ಒಪ್ಪಿಗೆಯಾಗಲಿಲ್ಲ. ಅತ್ತೆ ವ್ಯಾನಿನಿಂದ ಇಳಿಯುವುದನ್ನೇ ಬಿಟ್ಟರು. ತಂಗಿ ಆಗಾಗ ಫೋನು ಮಾಡುತ್ತಿದ್ದಳು. ಮನೆ ಸಿಕ್ಕಿತಾ, ಅತ್ತೆ ಹೇಗಿದ್ದಾರೆ ಎಂದೆಲ್ಲ ಕೇಳಿ, ಕೊನೆಗೆ, ಅಣ್ಣ ಏನಾದರೂ ಅಂದನಾ ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ.

ಮರುವರ್ಷ ಪಿತೃಪಕ್ಷದಲ್ಲಿ ದೊಡ್ಡವರೇ ಫೋನು ಮಾಡಿದರು. ದನಿ ಹಗುರವಾಗಿತ್ತು. "ಮೇಡಮ್ಮೋರೆ, ಬ್ಯಾರೆ ಗಿರಾಕಿ ಬಂದವ್ರೆ. ಆದ್ರೆ ಅವ್ವನ್ಗೆ ಮನೆ ಇಷ್ಟ ಇತ್ತಲ್ಲ, ಅದ್ಕೇ ನಿಮ್ಗೇ ಮೊದ್ಲು ಹೇಳ್ತಾವ್ನಿ. ಆವತ್ತು ಅಡ್ಡಿ ಇದ್ದದ್ದು ಈಗ ಇಲ್ಲ. ಅಮಾಸೆ ದಿನ ಎಡೆಗೆ ಬನ್ನಿ, ನೀವೇ ನೋಡ್ಕಳಿ."

ಅಡ್ಡಿ ಕಳೆಯಿತು ಎಂದರೆ ತಂಗಿಯನ್ನು ಕರೆಸಿಕೊಂಡಿದ್ದಾರೆ ಎಂದೇ ನನಗೆ ಅನಿಸಿತು. ಹೆದರುವವರಿಗೂ ಒಮ್ಮೊಮ್ಮೆ ಸಂತೋಷ ಬಂದು ಕಣ್ಣು ಕಟ್ಟುತ್ತದೆ. ಅಮಾವಾಸ್ಯೆಯ ಬೆಳಿಗ್ಗೆ ಅವಳಿಗೆ ಫೋನು ಮಾಡಿದೆ, ಎತ್ತಲಿಲ್ಲ. ತವರಿಗೆ ಹೊರಟ ಸಡಗರ ಇರಬೇಕು ಎಂದುಕೊಂಡೆ. ದಾರಿಯಲ್ಲಿ ಅವಳಿಗೆಂದು ಎರಡು ಮೊಳ ಮಲ್ಲಿಗೆ ಕೊಂಡೆ. ಅತ್ತೆ ಹೊಸ ಸೀರೆ ಉಟ್ಟಿದ್ದರು.

ಹಜಾರದಲ್ಲಿ ಅದೇ ಮೂಲೆ, ಅದೇ ಕಳಸ. ಎರಡು ಪಂಚೆ, ಆ ಜುಬ್ಬ. ಸೀರೆ ಮೂರಿದ್ದವು.

ಮೂರನೆಯದು ಹಸಿರು ಸೀರೆ, ಕೆಂಪು ಅಂಚು. ಅದರ ಮೇಲೆ ಒಂದು ಡಜನ್ ಗಾಜಿನ ಬಳೆ. ಮುಂದಿನ ಎಲೆಯಲ್ಲಿ ಎಲ್ಲದರ ಜೊತೆಗೆ, ಕಡ್ಡಿಗೆ ಚುಚ್ಚಿದ ಹುಣಸೆಹಣ್ಣಿನ ಕುಟ್ಟುಂಡೆ. ದೊಡ್ಡವರು ನನ್ನ ಪಕ್ಕಕ್ಕೆ ಬಂದು ನಿಂತರು.

"ಕುಟ್ಟುಂಡೆ ಅಂದ್ರೆ ಪ್ರಾಣ ಬುಡೋಳು ನಮ್ಮುಡ್ಗಿ. ನಾನೇ ಕುಟ್ಟಿ ಮಾಡ್ದೆ" ಎಂದರು. ನಿಜವಾಗಿಯೂ ಅವರ ಕಣ್ಣಲ್ಲಿ ನೀರಿತ್ತು. ಆಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ಹೇಳಿದರು: "ಲೆಕ್ಕ ಈಗ ಸರಿಯಾಗೈತಾ ನೋಡ್ಕಳಿ ಮೇಡಮ್ಮೋರೆ."

ಅವರ ಹೆಂಡತಿ ತಲೆ ಎತ್ತಲಿಲ್ಲ. ಆ ಸೀರೆಯನ್ನು ಎತ್ತಿ ಬಿಸಾಡಬೇಕು, ನಿಮ್ಮ ತಂಗಿ ಬದುಕಿದ್ದಾಳೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗಬೇಕು ಎಂದು ಮನಸ್ಸು ಒದ್ದಾಡಿತು. ಕೈ ಏಳಲಿಲ್ಲ. ಧೂಪ ಹಾಕಿದರು, ಎಲ್ಲರ ಜೊತೆ ನಾನೂ ಹೊರಗೆ ಬಂದೆ. ಬಾಗಿಲು ಮುಚ್ಚಿತು. ಅಷ್ಟು ಹೊತ್ತೂ ನನಗೆ ಒಂದೇ ಭಯ, ಒಳಗೆ ಆ ಎಲೆಯ ಮುಂದೆ ಯಾರು ಬಂದು ಕೂತಿರಬಹುದು ಎಂದು. ಅವಳ ಅವ್ವ ಬಂದು ಮಗಳ ಸೀರೆ ನೋಡಿದರೆ ಏನು ಮಾಡಿಯಾಳು ಎಂದು. ಮಲ್ಲಿಗೆಯ ಪೊಟ್ಟಣ ಕೈಯಲ್ಲೇ ಬೆವೆತುಹೋಯಿತು. ದೊಡ್ಡವರು ಕೆಮ್ಮಿ ಬಾಗಿಲು ತೆಗೆದರು. ಎಲೆ ಹಾಕಿದರು, ಬಡಿಸಿದರು. ನಾನು ಉಂಡೆ. ಬೇಡ ಎಂದು ಏಳುವ ಧೈರ್ಯವೂ ಇಲ್ಲದೆ, ಹಾಕಿದ್ದನ್ನೆಲ್ಲ ಉಂಡೆ.

ಅತ್ತೆ ಎಲೆ ಮುಟ್ಟಿರಲಿಲ್ಲ. ವ್ಯಾನು ಊರು ದಾಟಿದ ಮೇಲೆ ಅಂದರು: "ಬ್ಯಾಡ ಕಣವ್ವ ಈ ಮನೆ. ಬದುಕಿರೋರ್ಗೆ ಎಡೆ ಇಟ್ಟ ಮನೇಲಿ ನಾನ್ ಸಾಯಾಕಿಲ್ಲ." ಆಮೇಲೆ ಕೆ.ಆರ್.ಎಸ್. ಬರುವವರೆಗೂ ನನ್ನ ಕೈ ಹಿಡಿದುಕೊಂಡೇ ಇದ್ದರು. ಮೂರನೆಯ ಸೀರೆಯ ಲೆಕ್ಕವನ್ನು ದೊಡ್ಡವರಿಗೆ ಹೇಳಿಕೊಟ್ಟದ್ದು ಯಾರು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮುಸ್ಸಂಜೆಗೆ, ದೀಪ ಹಚ್ಚುವ ಹೊತ್ತಿಗೆ, ತಂಗಿಯ ಫೋನು ಬಂತು.

"ಬೆಳಿಗ್ಗೆ ಫೋನ್ ಮಾಡಿದ್ರಲ್ಲ ಅಕ್ಕ. ಹೊಲದ್ ಕೆಲ್ಸಕ್ಕೆ ಓಗಿದ್ದೆ, ಫೋನು ಮನೇಲೇ ಬಿಟ್ಬುಟ್ಟಿದ್ದೆ. ಇವತ್ತು ಅಮಾಸೆ ಅಲ್ವಾ. ಅಣ್ಣನ್ ಮನೆಗೆ ಓಗಿದ್ರಾ?"

"ಹೋಗಿದ್ದೆ ಕಣವ್ವ."

ಅವಳ ಉಸಿರು ಕೇಳಿಸುತ್ತಿತ್ತು. ಆಮೇಲೆ ಬಹಳ ಮೆತ್ತಗೆ ಕೇಳಿದಳು.

"ಇಟ್ಟಿದ್ರಾ ಅಕ್ಕ?"

ನನ್ನ ಯಜಮಾನರು, ಮೈದುನ, ಓರಗಿತ್ತಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅತ್ತೆ ದೀಪದ ಮುಂದೆ ನಮಗೆ ಬೆನ್ನು ಮಾಡಿ ಕೂತಿದ್ದರು.

"ಇಲ್ಲ ಕಣವ್ವ" ಎಂದೆ. "ಎರಡೇ ಸೀರೆ."

"ಅಂಗಾದ್ರೆ ಉಣ್ತೀನಿ ಬುಡಿ" ಎಂದು ನಕ್ಕಳು. ಬೆಳಿಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿದಿರಲಿಲ್ಲವಂತೆ. ಫೋನು ಕಿವಿಗೆ ಹಿಡಿದಿದ್ದಂತೆಯೇ ಅವಳು ತಟ್ಟೆ ಎಳೆದುಕೊಂಡ ಸದ್ದು ನನಗೆ ಕೇಳಿಸಿತು.